ತಪ್ಪು ಪರದೆಯಲ್ಲಿ ತೆರೆದ ವಿಂಡೋ

ಕಾರ್ಕಳದ ಕಚೇರಿಯಲ್ಲಿ ವಿಂಡೋ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ ಎಂಬ ದೂರು ನನಗೆ ಬರತೊಡಗಿದ್ದು ಬೇಸಿಗೆ ಶುರುವಾದಾಗ. ನಮ್ಮದು ಬೇರೆ ಕಂಪೆನಿಗಳ ಪರವಾಗಿ ಚಿಪ್‌ಗಳ ನಕ್ಷೆ ತಯಾರಿಸಿಕೊಡುವ ಸಣ್ಣ ಸಂಸ್ಥೆ. ಮುಖ್ಯ ಕಚೇರಿ ಮಣಿಪಾಲದಲ್ಲಿದೆ, ಕಾರ್ಕಳದಲ್ಲಿ ಒಂದು ಶಾಖೆ. ನಕ್ಷೆ ಬಿಡಿಸುವ ತಂತ್ರಾಂಶ ಓಡುವುದು ಮಣಿಪಾಲದ ಸರ್ವರಿನಲ್ಲಿ. ಕಾರ್ಕಳದ ಎಂಜಿನಿಯರುಗಳ ಮೇಜಿನ ಮೇಲಿರುವ ಯುನಿಕ್ಸ್ ವರ್ಕ್‌ಸ್ಟೇಷನ್‌ಗಳಲ್ಲಿ ಅದರ ವಿಂಡೋ ಮಾತ್ರ ಕಾಣಿಸುತ್ತದೆ. ಅವರು ಅಲ್ಲಿ ಮೌಸ್ ಒತ್ತಿದ್ದು ಇಲ್ಲಿಗೆ ಬರುತ್ತದೆ, ಇಲ್ಲಿ ಎಳೆದ ಗೆರೆ ಅಲ್ಲಿ ಮೂಡುತ್ತದೆ. ಈ ಹೋಗಿಬರುವ ದಾರಿಯನ್ನು ನೋಡಿಕೊಳ್ಳುವ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ನಾನು.

ಕಾರ್ಕಳದಲ್ಲಿ ಎರಡು ಕೋಣೆಗಳಿದ್ದವು. ಎರಡರಲ್ಲಿ ಎರಡು ಬೇರೆ ಬೇರೆ ಗ್ರಾಹಕರ ಕೆಲಸ. ಒಂದು ಕೋಣೆಯವರು ಇನ್ನೊಂದು ಕೋಣೆಯ ನಕ್ಷೆಯನ್ನು ನೋಡುವಂತಿಲ್ಲ. ಬಾಗಿಲಿಗೆ ಕಾರ್ಡ್ ಉಜ್ಜಿದರೆ ಮಾತ್ರ ಪ್ರವೇಶ. ದೂರು ಬರುತ್ತಿದ್ದುದು ಮೊದಲ ಕೋಣೆಯಿಂದ. ಅವರ ನಕ್ಷೆ ದೊಡ್ಡದು, ಒಂದೊಂದು ಪದರ ಮೂಡುವಾಗಲೂ ಪರದೆ ಬೂದು ಬಣ್ಣಕ್ಕೆ ತಿರುಗಿ ನಿಂತುಬಿಡುತ್ತಿತ್ತು.

ಎಲ್ಲರೂ ಮಾಡುವಂತೆ ಮೊದಲು ಲೈನನ್ನು ಪರೀಕ್ಷಿಸಿದೆ. ಲೈನಿನಲ್ಲಿ ದೋಷವಿರಲಿಲ್ಲ. ಎರಡು ಕಚೇರಿಗಳ ನಡುವಿನ ದಾರಿ ಆಗಲೇ ಗೂಢಲಿಪಿಯಲ್ಲಿತ್ತು. ಅದರೊಳಗೆ ಪ್ರತಿಯೊಬ್ಬರ ವಿಂಡೋ ಮತ್ತೊಮ್ಮೆ ಗೂಢಲಿಪಿಯ ಕೊಳವೆಯಲ್ಲಿ ಹೋಗುತ್ತಿತ್ತು. ಸರ್ವರಿನ ಶಕ್ತಿಯೆಲ್ಲ ಅದನ್ನು ಕಟ್ಟಿ ಬಿಚ್ಚುವುದರಲ್ಲಿಯೇ ಸವೆಯುತ್ತಿತ್ತು. ಕಳಿಸುವ ಮಾಹಿತಿಯನ್ನು ಕುಗ್ಗಿಸಿ ನೋಡಿದೆ, ಇನ್ನೂ ನಿಧಾನವಾಯಿತು. ಹಗುರ ಗೂಢಲಿಪಿ ಆರಿಸಿದೆ, ಕೂದಲೆಳೆಯಷ್ಟು ವ್ಯತ್ಯಾಸ. ಸರಿಯಾದ ಪರಿಹಾರವೆಂದರೆ ಇಡೀ ಪರದೆಯನ್ನು ಚಿತ್ರವಾಗಿ ಕಳಿಸುವ ಬೇರೆ ವ್ಯವಸ್ಥೆ ಕೂರಿಸುವುದು. ಅದಕ್ಕೆ ಒಂದು ವಾರ ಬೇಕೆಂದು ಮ್ಯಾನೇಜರಲ್ಲಿ ಕೇಳಿದೆ.

"ಒಂದು ವಾರ ಎಲ್ಲಿ ಉಂಟು ಮಾರಾಯ್ರೇ? ನಕ್ಷೆ ಒಪ್ಪಿಸುವ ದಿನ ಬಂತು. ಈಗ ನಡೆಯುವ ಹಾಗೆ ಎಂತಾದರೂ ಮಾಡಿ, ಮತ್ತೆ ನೋಡುವ," ಎಂದರು.

ಎಂತಾದರೂ ಮಾಡಿದೆ. ಒಳಗಿನ ಗೂಢಲಿಪಿಯನ್ನು ಬಿಟ್ಟು, ಸರ್ವರಿನಿಂದ ನೇರವಾಗಿ ಕಾರ್ಕಳದ ಪರದೆಗೆ ವಿಂಡೋ ಹೋಗುವಂತೆ ಮಾಡಿದೆ. ಹೀಗೆ ಮಾಡುವಾಗ ಸರ್ವರಿಗೆ ಯಾರ ವಿಂಡೋ ಯಾವ ಯಂತ್ರಕ್ಕೆ ಹೋಗಬೇಕೆಂದು ಹೇಳಬೇಕು. ಮೊದಲ ಕೋಣೆಯ ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಯಂತ್ರದ ನೆಟ್‌ವರ್ಕ್ ವಿಳಾಸವನ್ನು ಒಂದು ಫೈಲಿನಲ್ಲಿ ಕೈಯಾರೆ ಬರೆದೆ. ಆದರೂ ವಿಂಡೋ ತೆರೆಯಲಿಲ್ಲ. ವಿಂಡೋ ಸ್ವೀಕರಿಸುವ ಯಂತ್ರ ಸಹಜವಾಗಿ ಒಂದು ಕೀಲಿ ಕೇಳುತ್ತದೆ. ಹೊಸ ದಾರಿಯಲ್ಲಿ ಆ ಕೀಲಿ ತಲುಪುತ್ತಿರಲಿಲ್ಲ. ಕೀಲಿ ತಲುಪಿಸುವ ಕ್ರಮವೂ ಇದೆ, ಆದರೆ ಪ್ರತಿ ಯಂತ್ರದ ಮುಂದೆ ಕುಳಿತು ಮಾಡಬೇಕು. ನಾನು 'ಎಕ್ಸ್‌ಹೋಸ್ಟ್ ಪ್ಲಸ್' ಎಂಬ ಒಂದು ಸಾಲಿನ ಆದೇಶ ಕೊಟ್ಟೆ. ಯಾರು ವಿಂಡೋ ಕಳಿಸಿದರೂ ತೆಗೆದುಕೋ, ಕೀಲಿ ಕೇಳಬೇಡ ಎಂದು ಅದರ ಅರ್ಥ. ಯಂತ್ರದಿಂದ ಯಂತ್ರಕ್ಕೆ ಓಡಾಡುವುದು ಬೇಡವೆಂದು ಕಾರ್ಕಳದ ಎಲ್ಲ ಯಂತ್ರಗಳಿಗೂ ಸಾಮಾನ್ಯವಾಗಿದ್ದ ಆರಂಭದ ಫೈಲಿನಲ್ಲಿಯೇ ಅದನ್ನು ಸೇರಿಸಿಬಿಟ್ಟೆ. ಅದರ ಅಗತ್ಯವೇ ಇಲ್ಲದ ಎರಡನೆಯ ಕೋಣೆಗೂ ಅದು ಅನ್ವಯವಾಯಿತು.

ವೇಗ ಬಂತು. "ಸೂಪರ್ ಉಂಟು ಈಗ," ಎಂದು ಕಾರ್ಕಳದಿಂದ ಫೋನ್ ಬಂತು. ಮ್ಯಾನೇಜರ್ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ಸರಿಯಾದ ವ್ಯವಸ್ಥೆಯ ವಿಷಯವನ್ನು ಮತ್ತೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಳೆಗಾಲಕ್ಕೆ ಮುಂಚಿನ ಗುಡುಗು ಶುರುವಾದಾಗ ಸಿಡಿಲು ಬಡಿದು ಕಾರ್ಕಳದ ರೂಟರ್ ಸುಟ್ಟುಹೋಯಿತು. ಹೊಸದು ಹಾಕಿಸಿದೆ. ಹೊಸ ರೂಟರ್ ಯಂತ್ರಗಳಿಗೆ ಹೊಸದಾಗಿ ವಿಳಾಸ ಹಂಚಿತು. ಕೈಯಾರೆ ಬರೆದ ನನ್ನ ಫೈಲಿನಲ್ಲಿ ಹಳೆಯ ವಿಳಾಸಗಳೇ ಇದ್ದವು. ಮೊದಲ ಕೋಣೆಯವರು ಒಬ್ಬೊಬ್ಬರಾಗಿ "ಎರರ್ ಬರ್ತದೆ" ಎಂದು ಕರೆ ಮಾಡಿದರು, ನಾನು ಒಬ್ಬೊಬ್ಬರ ಸಾಲನ್ನೇ ತಿದ್ದುತ್ತಾ ಹೋದೆ. ಅಲ್ಲಿಯ ಹಿರಿಯ ಎಂಜಿನಿಯರ್ ಆಗ ರಜೆಯಲ್ಲಿದ್ದರು. ಅವರು ಕರೆ ಮಾಡಲಿಲ್ಲ. ಅವರ ಸಾಲು ಹಳೆಯ ವಿಳಾಸದೊಂದಿಗೆ ಹಾಗೆಯೇ ಉಳಿಯಿತು.

ಅವರು ರಜೆ ಮುಗಿಸಿ ಬಂದ ದಿನವೇ ಮೊದಲ ಕೋಣೆಯ ಗ್ರಾಹಕ ಕಂಪೆನಿಯ ಪ್ರತಿನಿಧಿಯೊಬ್ಬರು ಬೆಂಗಳೂರಿನಿಂದ ಬಂದು ಕಾರ್ಕಳದ ಕಚೇರಿ ನೋಡಲು ಹೋಗಿದ್ದರು. ಬೆಳಿಗ್ಗೆ ಹಿರಿಯ ಎಂಜಿನಿಯರ್ ನನಗೆ ಫೋನ್ ಮಾಡಿದರು.

"ನನ್ನ ವಿಂಡೋ ಬರುದೇ ಇಲ್ಲ ಮಾರಾಯ್ರೇ. ಎರರ್ ಕೂಡ ಇಲ್ಲ. ಎರಡು ಸಲ ಓಪನ್ ಮಾಡಿದೆ."

ನಾನು ಬೇರೆ ಕೆಲಸದಲ್ಲಿದ್ದೆ. "ಹಳೆಯ ದಾರಿಯಲ್ಲಿಯೇ ಓಪನ್ ಮಾಡಿ, ಆಮೇಲೆ ನೋಡ್ತೇನೆ," ಎಂದೆ. ಅವರಿಗೆ ವಿಂಡೋ ಬಂತು. ನಾನು ಮರೆತುಬಿಟ್ಟೆ.

ಮಧ್ಯಾಹ್ನಕ್ಕೆ ಮುಂಚೆ ಮ್ಯಾನೇಜರ್ ಕಾರ್ಕಳದಿಂದಲೇ ಕರೆ ಮಾಡಿದರು. ದನಿ ಬಿಗಿಯಾಗಿತ್ತು. ಫೋನನ್ನು ಸ್ಪೀಕರಿಗೆ ಹಾಕಿರುವುದಾಗಿ ಮೊದಲೇ ಹೇಳಿದರು. ಎರಡನೆಯ ಕೋಣೆಯ ಎಂಜಿನಿಯರ್ ಒಬ್ಬಳ ಪರದೆಯಲ್ಲಿ ಮೊದಲ ಕೋಣೆಯ ನಕ್ಷೆ ತೆರೆದುಕೊಂಡಿತ್ತಂತೆ. ಗಾಜಿನ ಬಾಗಿಲಿನಾಚೆಯಿಂದ ಅದನ್ನು ಕಂಡವರು ಆ ಪ್ರತಿನಿಧಿಯೇ. ತಮ್ಮ ಕಂಪೆನಿಯ ಇನ್ನೂ ಹೊರಬರದ ಚಿಪ್ಪಿನ ನಕ್ಷೆ, ಇನ್ನೊಬ್ಬ ಗ್ರಾಹಕನ ಕೆಲಸ ಮಾಡುವವಳ ಪರದೆಯಲ್ಲಿ!

ಆಕೆಯನ್ನು ನಾನು ಬಲ್ಲೆ. ಅಜೆಕಾರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

"ಇವಳು ಹೇಳುದು ಅದು ಅದಾಗಿಯೇ ಬಂತು ಅಂತ," ಎಂದರು ಮ್ಯಾನೇಜರ್. "ನೀವು ಹೇಳಿ. ಒಬ್ಬರ ವಿಂಡೋ ಇನ್ನೊಬ್ಬರ ಸ್ಕ್ರೀನಿನಲ್ಲಿ ಅದರಷ್ಟಕ್ಕೇ ಓಪನ್ ಆಗ್ತದಾ?"

"ಇಲ್ಲ ಸರ್," ಎಂದೆ. "ಯಾರಾದರೂ ಓಪನ್ ಮಾಡಲೇಬೇಕು."

ಆಗ ಫೋನಿನ ಆ ಕಡೆಯಿಂದ ಆಕೆಯ ದನಿ ಕೇಳಿಸಿತು. "ಸರ್, ಒಮ್ಮೆ ನೋಡಿ ಸರ್. ನಾನು ಎಂತ ಕೂಡ ಮುಟ್ಟಲಿಲ್ಲ. ನಮ್ಮವರೇ ಯಾರೋ ತೋರಿಸ್ಲಿಕ್ಕೆ ಕಳಿಸಿದ್ದು ಅಂತ ಎಣಿಸಿದೆ."

"ನೋಡಿಯೇ ಹೇಳ್ತಾ ಇದ್ದೇನೆ," ಎಂದೆ.

ನಾನು ಏನನ್ನೂ ನೋಡಿರಲಿಲ್ಲ. ನನ್ನ ಮುಂದಿನ ಪರದೆಯಲ್ಲಿ ಆ ಹೊತ್ತಿಗೆ ಯಾವುದೋ ಪ್ರಿಂಟರಿನ ಕೈಪಿಡಿ ತೆರೆದಿತ್ತು. ನಾನು ಕಟ್ಟಿದ ವ್ಯವಸ್ಥೆಯನ್ನು ಸ್ಪೀಕರಿನಲ್ಲಿ, ಹೊರಗಿನವರ ಮುಂದೆ ಪ್ರಶ್ನಿಸಿದ್ದು ನನಗೆ ಹಿಡಿಸಲಿಲ್ಲ, ಅಷ್ಟೆ. ಆ ಕಡೆ ಯಾರೋ ಸಣ್ಣಗೆ ನಕ್ಕದ್ದು ಕೇಳಿಸಿತು. ವಿಚಾರಣೆ ಮುಗಿಯುವವರೆಗೆ ಆಕೆ ಮನೆಯಲ್ಲಿರಲಿ ಎಂದು ತೀರ್ಮಾನವಾಯಿತು. ಎರಡೂ ಕೋಣೆಯವರು ನೋಡುತ್ತಿದ್ದಂತೆ ಆಕೆಯ ಕಾರ್ಡನ್ನು ತೆಗೆದುಕೊಂಡರಂತೆ.

ಮರುದಿನ ನಾನು ಕಾರ್ಕಳಕ್ಕೆ ಹೋಗಿ ವರದಿ ಕೊಡಬೇಕಿತ್ತು. ಹಿರಿಯಡ್ಕ, ಬೈಲೂರಿನ ಮೇಲೆ ಬೈಕ್ ಓಡಿಸುತ್ತಾ ವರದಿಯನ್ನು ಮನಸ್ಸಿನಲ್ಲಿಯೇ ಬರೆದು ಮುಗಿಸಿದ್ದೆ. ಆಕೆಗೆ ಹಿರಿಯ ಎಂಜಿನಿಯರರ ಪಾಸ್‌ವರ್ಡ್ ಹೇಗೋ ಸಿಕ್ಕಿದೆ, ಅವರ ಹೆಸರಿನಲ್ಲಿ ಒಳಹೊಕ್ಕಿದ್ದಾಳೆ. ಇದಕ್ಕೆ ಸಾಕ್ಷಿ ಹುಡುಕುವುದೊಂದೇ ಬಾಕಿ.

ಸಾಕ್ಷಿ ಸಿಗಲಿಲ್ಲ. ಸರ್ವರಿನ ದಾಖಲೆಯಲ್ಲಿ ಆಕೆಯ ಯಂತ್ರದಿಂದ ಆಕೆಯದೇ ಹೆಸರಿನಲ್ಲಿ ಮಾತ್ರ ಪ್ರವೇಶವಾಗಿತ್ತು. ಆ ನಕ್ಷೆಯ ವಿಂಡೋ ತೆರೆದವರು ಹಿರಿಯ ಎಂಜಿನಿಯರ್ ಎಂದಿತ್ತು, ಅದೂ ಅವರದೇ ಯಂತ್ರದಿಂದ. ಮೊದಲ ಕೋಣೆಗೆ ಹೋಗಿ ಅವರನ್ನು ಕೇಳಿದೆ.

"ನಾನು ನಿಮಗೆ ಫೋನ್ ಮಾಡ್ಲಿಲ್ವಾ?" ಎಂದರು ಅವರು. "ಎರಡು ಸಲ ಓಪನ್ ಮಾಡಿದೆ, ಬರ್ಲಿಲ್ಲ ಅಂತ. ಆ ಹೊತ್ತಿಗೇ ಅಲ್ವಾ ಇದು?"

ವಿಂಡೋ ತೆರೆಯಲಾಗದಿದ್ದರೆ ಯುನಿಕ್ಸ್ ಸುಮ್ಮನಿರುವುದಿಲ್ಲ, ದೋಷದ ಸಂದೇಶ ಕೊಟ್ಟೇ ಕೊಡುತ್ತದೆ. ಸಂದೇಶ ಬಂದಿಲ್ಲವೆಂದರೆ ವಿಂಡೋ ತೆರೆದಿದೆ, ನೀವು ನೋಡುತ್ತಿರುವ ಪರದೆಯಲ್ಲಿ ಅಲ್ಲ, ಅಷ್ಟೆ. ಇದು ಈ ಕೆಲಸದ ಮೊದಲ ಪಾಠ. ಅವರು ಅಂದು ಬೆಳಿಗ್ಗೆಯೇ ಅದನ್ನು ನನ್ನ ಕಿವಿಗೆ ಹಾಕಿದ್ದರು.

ಎರಡನೆಯ ಕೋಣೆಗೆ ಹೋಗಿ ಆಕೆಯ ಖಾಲಿ ಕುರ್ಚಿಯಲ್ಲಿ ಕುಳಿತೆ. ಕೀಲಿ ಪರೀಕ್ಷೆಯ ಸ್ಥಿತಿ ಏನೆಂದು ಯಂತ್ರವನ್ನು ಕೇಳಿದೆ. ಪರೀಕ್ಷೆ ಇಲ್ಲ, ಯಾವ ಯಂತ್ರವಾದರೂ ಸಂಪರ್ಕಿಸಬಹುದು ಎಂದಿತು. ನನ್ನದೇ ಸಾಲು. ಯಂತ್ರದ ವಿಳಾಸ ತೆಗೆದು ನನ್ನ ಫೈಲಿಗೆ ಹೋಲಿಸಿದೆ. ಆ ವಿಳಾಸ ಹಿರಿಯ ಎಂಜಿನಿಯರ್ ಹೆಸರಿನ ಮುಂದಿತ್ತು. ಹೊಸ ರೂಟರ್ ಅವರ ಹಳೆಯ ವಿಳಾಸವನ್ನು ಆಕೆಯ ಯಂತ್ರಕ್ಕೆ ಕೊಟ್ಟಿತ್ತು. ಕೊನೆಯ ಅನುಮಾನವೂ ಇರಬಾರದೆಂದು ಸರ್ವರಿನಲ್ಲಿ ಅವರ ಖಾತೆಯಿಂದ ಒಂದು ಗಡಿಯಾರದ ವಿಂಡೋ ತೆರೆಯುವ ಆದೇಶ ಕೊಟ್ಟೆ. ದುಂಡನೆಯ ಬಿಳಿ ಗಡಿಯಾರ ಆಕೆಯ ಪರದೆಯ ಮೂಲೆಯಲ್ಲಿ ಬಂದು ಕುಳಿತಿತು. ಯಾರೂ ಏನೂ ಮುಟ್ಟಿರಲಿಲ್ಲ. ಅದು ಅದಾಗಿಯೇ ಬಂತು.

ಪಕ್ಕದ ಮೇಜಿನವರು "ಎಂತಾದರೂ ಸಿಕ್ಕಿತಾ?" ಎಂದು ಕೇಳಿದರು. ಗಡಿಯಾರವನ್ನು ತಟ್ಟನೆ ಮುಚ್ಚಿದೆ.

ಆಮೇಲೆ ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ನಾನು ಎಲ್ಲವನ್ನೂ ಸರಿಪಡಿಸಿದೆ. ಆರಂಭದ ಫೈಲಿನಿಂದ ಆ ಸಾಲನ್ನು ಅಳಿಸಿದೆ. ಎಲ್ಲ ಯಂತ್ರಗಳಲ್ಲೂ ಕೀಲಿ ಪರೀಕ್ಷೆಯನ್ನು ಮರಳಿ ಹಾಕಿದೆ. ಹೊರಗಿನಿಂದ ನೇರವಾಗಿ ವಿಂಡೋ ಬರುವ ಬಾಗಿಲನ್ನೇ ಮುಚ್ಚಿದೆ. ಕೈಬರಹದ ವಿಳಾಸಗಳ ಫೈಲನ್ನು ತೆಗೆದುಹಾಕಿ ಮೊದಲಿನ ಗೂಢಲಿಪಿಯ ಕೊಳವೆಗೇ ಎಲ್ಲರನ್ನೂ ಹಾಕಿದೆ. ಅಡ್ಮಿನಿಸ್ಟ್ರೇಟರ್ ಒಬ್ಬ ಮಾಡಬೇಕಾದ ಕೆಲಸವೇ ಅದು. ಆದರೆ ಕೆಲಸ ಮುಗಿಸಿ ಕೈ ಎತ್ತಿದಾಗ, ಆಕೆ ಹೇಳಿದ್ದು ನಿಜವೆಂದು ತೋರಿಸುವ ಒಂದು ಕುರುಹೂ ಯಾರ ಕಣ್ಣಿಗೂ ಬೀಳುವಂತೆ ಉಳಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಒಂದೊಂದನ್ನಾಗಿ ಅಳಿಸಿದ್ದೆ. ಮ್ಯಾನೇಜರ್ ಕರೆ ಮಾಡಿ "ಎಂತ ಆಯ್ತು?" ಎಂದಾಗ "ನೋಡ್ತಾ ಇದ್ದೇನೆ ಸರ್," ಎಂದೆ.

ನಾನು ಗದಗಿನ ಕಡೆಯವನು. ಹೆಂಡತಿ ಕಾಪುವಿನ ಒಂದು ಶಾಲೆಯಲ್ಲಿ ಶಿಕ್ಷಕಿ, ನಮ್ಮ ಬಾಡಿಗೆ ಮನೆ ಇರುವುದೂ ಅಲ್ಲಿಯೇ. ಆ ಸಂಜೆ ತಟ್ಟೆಯ ಮುಂದೆ ಕುಳಿತವನು ರೊಟ್ಟಿ ಮುರಿಯದೆ ಇದ್ದುದನ್ನು ಆಕೆ ನೋಡಿದಳು.

"ಯಾಕ, ಊಟ ಸೇರವಲ್ದೇನು?"

ನಡೆದದ್ದನ್ನು ಹೇಳಿದೆ. ಹೇಳುವಾಗಲೂ ಜಾಣತನ ಬಿಡಲಿಲ್ಲ. ರೂಟರ್ ಸುಟ್ಟದ್ದು, ವಿಳಾಸ ಬದಲಾದದ್ದು, ಮ್ಯಾನೇಜರ್ ಅವಸರ ಮಾಡಿದ್ದು, ಎಲ್ಲ ಹೇಳಿ "ಈಗ ಎಲ್ಲಾ ಸರಿ ಮಾಡೇನಿ," ಎಂದು ಮುಗಿಸಿದೆ.

"ಆ ಹುಡುಗಿಗೆ ಯಾರರ ಹೇಳ್ಯಾರೇನು?"

"ಏನಂತ?"

"ತಪ್ಪು ನಿಂದಲ್ಲ ಅಂತ."

ನಾನು ತಟ್ಟೆ ಸರಿಸಿದೆ. ಆಕೆ ಪಲ್ಯದ ಪಾತ್ರೆ ಮುಚ್ಚಿಟ್ಟು ಮಕ್ಕಳ ಉತ್ತರಪತ್ರಿಕೆ ತಿದ್ದಲು ಕುಳಿತಳು.

ಬೆಳಿಗ್ಗೆ ಮ್ಯಾನೇಜರಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ.

"ಈಗ ಸರಿ ಉಂಟಲ್ಲ?" ಎಂದರು ಅವರು.

"ಉಂಟು ಸರ್."

"ಹಾಗಾದರೆ ತಾಂತ್ರಿಕ ದೋಷ ಅಂತ ಒಂದು ಮೇಲ್ ಹಾಕಿಬಿಡುವ. ನಿಮ್ಮ ಹೆಸರೂ ಬೇಡ, ಅವಳ ಹೆಸರೂ ಬೇಡ. ಅವಳನ್ನು ನಿಧಾನಕ್ಕೆ ಕರೆಸಿಕೊಳ್ಳುವ. ಎಂತ ಹೇಳ್ತೀರಿ?"

ಅದು ಕೆಟ್ಟ ಮನುಷ್ಯನ ಮಾತಲ್ಲ. ಸಂಸ್ಥೆಯನ್ನೂ ನನ್ನನ್ನೂ ಉಳಿಸುವ ಮಾತು. ಆ ಮೇಲನ್ನು ನಾನು ಬರೆದೂ ಬರೆದೆ. ಚೆನ್ನಾಗಿಯೇ ಬಂತು. ಓದಿದವನಿಗೆ ಏನೋ ಆಯಿತು, ಏನೋ ಸರಿಯಾಯಿತು ಎಂದಷ್ಟೇ ತಿಳಿಯುತ್ತಿತ್ತು. ಆಕೆಯ ಕಾರ್ಡ್ ಕಿತ್ತುಕೊಂಡದ್ದನ್ನು ಕಂಡವರೆಲ್ಲ, ಹುಡುಗಿ ಏನೋ ಮಾಡಿದ್ದಳು, ದೊಡ್ಡವರು ಮುಚ್ಚಿಹಾಕಿದರು ಎಂದುಕೊಳ್ಳಲು ಅದರಲ್ಲಿ ಬೇಕಾದಷ್ಟು ಜಾಗವಿತ್ತು. ಮೇಲನ್ನು ಅಳಿಸಿ ಮತ್ತೆ ಫೋನ್ ಮಾಡಿದೆ. "ಪ್ರತಿನಿಧಿಯವರನ್ನು ಕಾರ್ಕಳಕ್ಕೆ ಕರೆದುಕೊಂಡು ಬನ್ನಿ ಸರ್. ಎರಡೂ ಕೋಣೆಯವರು ಇರಲಿ. ನಾನು ತೋರಿಸ್ತೇನೆ," ಎಂದೆ.

"ನಿಮಗೆ ತಲೆ ಸರಿ ಉಂಟಾ?" ಎಂದರು. ಆದರೆ ವಿಚಾರಣೆಗಾಗಿ ಮಣಿಪಾಲದಲ್ಲಿಯೇ ಉಳಿದಿದ್ದ ಪ್ರತಿನಿಧಿಯನ್ನು ಅಂದೇ ಕರೆದುಕೊಂಡು ಬಂದರು.

ಎರಡನೆಯ ಕೋಣೆಯ ಉಳಿದ ಪರದೆಗಳನ್ನೆಲ್ಲ ಆರಿಸಿದ ಮೇಲೆ ಆಕೆಯ ಮೇಜಿನ ಸುತ್ತ ಎಲ್ಲರೂ ನಿಂತರು. ಬರುವ ಮೊದಲು ನನ್ನ ಬಳಿಯಿದ್ದ ಬ್ಯಾಕಪ್ ಪ್ರತಿಯಿಂದ ವಿಳಾಸಗಳ ಫೈಲನ್ನು ಮರಳಿ ತಂದಿದ್ದೆ. ಗಡಿಯಾರದ ಆದೇಶ ಕೊಟ್ಟೆ. ಗಡಿಯಾರ ಬರಲಿಲ್ಲ, ಸಂಪರ್ಕ ನಿರಾಕರಿಸಲಾಗಿದೆ ಎಂಬ ಸಂದೇಶ ಬಂತು. ಇನ್ನೊಮ್ಮೆ ಕೊಟ್ಟೆ. ಸಂಪರ್ಕ ನಿರಾಕರಿಸಲಾಗಿದೆ ಎಂಬ ಸಂದೇಶ ಬಂತು. ನಾನು ಹಿಂದಿನ ದಿನ ಹಾಕಿದ ಬೀಗಗಳೇ ನನ್ನನ್ನು ತಡೆಯುತ್ತಿದ್ದವು. ಪ್ರತಿನಿಧಿ ಕೈ ಕಟ್ಟಿಕೊಂಡು ನಿಂತಿದ್ದರು. ಹಿಂದೆ ಯಾರೋ "ಆಗುದಿಲ್ಲ ಅದು," ಎಂದು ಪಿಸುಗುಟ್ಟಿದರು.

ಬೀಗಗಳನ್ನು ಒಂದೊಂದಾಗಿ ತೆಗೆಯಬೇಕಿತ್ತು. ಏನು ಮಾಡುತ್ತಿದ್ದೇನೆಂದು ಎಲ್ಲರಿಗೂ ತಿಳಿಯುವಂತೆ ಗಟ್ಟಿಯಾಗಿ ಹೇಳುತ್ತಲೇ ತೆಗೆಯಬೇಕಿತ್ತು. "ಹೊರಗಿನಿಂದ ನೇರವಾಗಿ ವಿಂಡೋ ಬರುವ ಈ ಬಾಗಿಲು ಮುಚ್ಚಿರಬೇಕು. ನಾನು ತೆರೆದಿಟ್ಟಿದ್ದೆ," ಎಂದು ತೆರೆದು, ಪರದೆಯ ವ್ಯವಸ್ಥೆಯನ್ನು ಮತ್ತೆ ಆರಂಭಿಸಿದೆ. ಆದೇಶ ಕೊಟ್ಟೆ. ಈಗ ಕೀಲಿ ಇಲ್ಲವೆಂಬ ಸಂದೇಶ. "ಕೀಲಿ ಕೇಳಬೇಡ ಅಂತ ಎಲ್ಲಾ ಯಂತ್ರಗಳಿಗೂ ಹೇಳಿದ್ದೆ. ಈ ಕೋಣೆಗೆ ಅದು ಬೇಕಾಗಿಯೇ ಇರಲಿಲ್ಲ," ಎಂದು ಆ ಸಾಲನ್ನು ಮತ್ತೆ ಬರೆದೆ. "ಈ ವಿಳಾಸ ತಿದ್ದದೆ ಬಿಟ್ಟವನು ನಾನು. ವಿಂಡೋ ಬರುತ್ತಿಲ್ಲ ಅಂತ ಇವರು ಅವತ್ತು ಬೆಳಿಗ್ಗೆಯೇ ಫೋನ್ ಮಾಡಿದ್ದರು, ನಾನು ಹುಡುಕಲಿಲ್ಲ," ಎಂದು ಹಿರಿಯ ಎಂಜಿನಿಯರ್ ಕಡೆ ತೋರಿಸಿದೆ.

ಎಲ್ಲ ಮುಗಿದ ಮೇಲೆ ಅವರನ್ನೇ ಅವರ ಕೋಣೆಗೆ ಕಳಿಸಿ, ಗುಟ್ಟಿಲ್ಲದ ಮಾದರಿ ನಕ್ಷೆಯೊಂದನ್ನು ಅಂದು ತೆರೆದಂತೆಯೇ ತೆರೆಯಿರಿ ಎಂದೆ. ನಾನು ಮೇಜಿನಿಂದ ದೂರ ಸರಿದು ನಿಂತೆ. ಕೀಬೋರ್ಡಿನ ಹತ್ತಿರ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಖಾಲಿ ಕುರ್ಚಿಯ ಮುಂದಿನ ಪರದೆಯಲ್ಲಿ ಬೂದು ಚೌಕವೊಂದು ತೆರೆದುಕೊಂಡಿತು. ಅದರೊಳಗೆ ಕೆಂಪು, ನೀಲಿ ಗೆರೆಗಳು ಪದರಪದರವಾಗಿ ಮೂಡಿದವು.

ಮೊದಲು ಮಾತಾಡಿದವರು ಪ್ರತಿನಿಧಿ. "ಅಂದ್ರೆ ಆ ಹುಡುಗಿ ಹೇಳಿದ್ದು ನಿಜ," ಎಂದರು. ನನ್ನ ಕಡೆ ತಿರುಗಿ, "ಇದು ಯಾವಾಗಿಂದ ಹೀಗೆ ಓಪನ್ ಇತ್ತು?" ಎಂದು ಕೇಳಿದರು.

"ಬೇಸಿಗೆ ಶುರುವಾದಾಗಿನಿಂದ."

"ಅವತ್ತು ಫೋನಲ್ಲಿ ಇದು ಸಾಧ್ಯವೇ ಇಲ್ಲ ಅಂದ್ರಲ್ಲ, ಅದು ನೀವೇ ಅಲ್ವಾ?"

"ಹೌದು."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ನನ್ನನ್ನು ಒಮ್ಮೆ ನೋಡಿ ಮ್ಯಾನೇಜರ್ ಜೊತೆ ಹೊರಗೆ ಹೋದರು. ನಾನು ಕುಳಿತು ಬೀಗಗಳನ್ನೆಲ್ಲ ಮತ್ತೆ ಹಾಕಿದೆ. ಎಲ್ಲವನ್ನೂ ಹೊರಗಿನವರು ಪರಿಶೀಲಿಸುವವರೆಗೆ ಕಾರ್ಕಳದಲ್ಲಿ ತಮ್ಮ ಕೆಲಸ ನಿಲ್ಲಲಿ ಎಂದು ಅವರ ಕಂಪೆನಿ ತಿಳಿಸಿತು. ಮೊದಲ ಕೋಣೆಯವರು ಕೆಲಸವಿಲ್ಲದೆ ಕುಳಿತರು. ಸರ್ವರಿನ ಮೇಲಿನ ನನ್ನ ಅಧಿಕಾರವನ್ನು ಕಡಿಮೆ ಮಾಡಿ, ನಾನು ಮಾಡುವ ಪ್ರತಿ ಬದಲಾವಣೆಗೂ ಇನ್ನೊಬ್ಬರ ಒಪ್ಪಿಗೆ ಬೇಕೆಂದು ಮಾಡಿದರು. ನ್ಯಾಯವಾಗಿಯೇ ಇತ್ತು.

ಆಕೆಗೆ ಫೋನ್ ಮಾಡುತ್ತೇನೆಂದು ಮ್ಯಾನೇಜರ್ ಹೇಳಿದರು. "ನಾನೇ ಹೋಗಿ ಹೇಳ್ತೇನೆ ಸರ್," ಎಂದು ಕೇಳಿಕೊಂಡು ಆ ಮಧ್ಯಾಹ್ನವೇ ಅಜೆಕಾರಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಮನೆಯವರ ಎದುರಿಗೇ ಹೇಳಬೇಕು, ಅವರ ಮುಂದೆಯೇ ತಲೆ ತಗ್ಗಿಸಬೇಕು ಎಂದುಕೊಂಡಿದ್ದೆ.

ರಸ್ತೆಯ ಬದಿಯ ಹಂಚಿನ ಮನೆ. ಬಾಗಿಲಲ್ಲಿಯೇ ಹೊಲಿಗೆಯಂತ್ರ ಇಟ್ಟುಕೊಂಡು ಆಕೆಯ ತಾಯಿ ರವಿಕೆ ಹೊಲಿಯುತ್ತಿದ್ದರು. ತುಳುವಿನಲ್ಲಿ ಏನೋ ಕೇಳಿದರು. ನಾನು ತಡವರಿಸಿದ್ದನ್ನು ನೋಡಿ ಕನ್ನಡಕ್ಕೆ ತಿರುಗಿದರು. ಕಾರ್ಕಳದ ಆಫೀಸಿನವನು ಎಂದೆ.

"ಹೌದಾ? ಬನ್ನಿ, ಬನ್ನಿ. ಆಫೀಸಿನಲ್ಲಿ ನೆಟ್‌ವರ್ಕ್ ಹಾಳಾಗಿದೆ, ರಿಪೇರಿ ಆಗುವವರೆಗೆ ರಜೆ ಅಂತ ಇವಳು ಹೇಳಿದಳು. ರಿಪೇರಿ ಮಾಡುವವರು ನೀವೇ ಅಲ್ವಾ?"

ಒಳಗಿನ ಬಾಗಿಲಲ್ಲಿ ಆಕೆ ನಿಂತಿದ್ದಳು. ತಾಯಿಯ ಬೆನ್ನ ಹಿಂದಿನಿಂದ ನನ್ನನ್ನು ನೋಡಿ ತಲೆಯನ್ನು ಸಣ್ಣಗೆ, ಒಂದೇ ಸಲ ಅಲ್ಲಾಡಿಸಿದಳು. ಬೇಡ ಎಂಬಂತೆ.

"ಹೌದಮ್ಮ," ಎಂದೆ.

"ಆಯ್ತಾ ಸರಿ?"

"ಆಯ್ತು."

"ದೇವರು ಒಳ್ಳೆಯದು ಮಾಡಲಿ. ಇವಳು ಸರಿಯಾಗಿ ಊಟ ಕೂಡ ಮಾಡುದಿಲ್ಲ. ಕೆಲಸ ನಿಂತುಹೋಯಿತು ಅಂತ ಅದೇ ಚಿಂತೆ. ನೀವು ಈ ಬಿಸಿಲಿನಲ್ಲಿ ಅದನ್ನು ಹೇಳಲಿಕ್ಕೇ ಇಷ್ಟು ದೂರ ಬಂದಿರಿ. ಈಗಿನ ಕಾಲದಲ್ಲಿ ಯಾರು ಬರುತ್ತಾರೆ?"

ಕುರ್ಚಿ ಒರೆಸಿ ಕೂರಿಸಿದರು. ದೊಡ್ಡ ಲೋಟದಲ್ಲಿ ಕೆಂಪನೆಯ ಪುನರ್ಪುಳಿ ಹಣ್ಣಿನ ಶರಬತ್ತು ತಂದುಕೊಟ್ಟರು. ನಾನು ಕುಡಿದು ಮುಗಿಸುವವರೆಗೂ ಎದುರಿಗೆ ನಿಂತು, ನನ್ನಂಥವರು ಆಫೀಸಿನಲ್ಲಿರುವುದರಿಂದ ಮಗಳನ್ನು ಕಳಿಸಲು ತಮಗೆ ಧೈರ್ಯ ಎಂದು ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದರು. ಜೋಡಿಸಿಕೊಂಡು ಬಂದ ಮಾತುಗಳನ್ನು ಅಲ್ಲಿ ಆಡುವಂತಿರಲಿಲ್ಲ. ಹೇಳಿ ಹಗುರವಾಗುವ ಅವಕಾಶವೂ ನನ್ನದಾಗಿರಲಿಲ್ಲ. ಹೇಳಿದರೆ ಆಕೆ ಮನೆಯಿಂದ ಮರೆಮಾಚಿದ್ದೆಲ್ಲ ಬಯಲಾಗುತ್ತಿತ್ತು.

ರಸ್ತೆಯವರೆಗೆ ಆಕೆ ಜೊತೆಯಲ್ಲಿ ಬಂದಳು. ಬೈಕಿನ ಹತ್ತಿರ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅಳಿಸಿದ್ದನ್ನೂ ಹೇಳಿದೆ. ಎಲ್ಲರ ಮುಂದೆ ತೋರಿಸಿದ್ದನ್ನೂ ಹೇಳಿದೆ. ಕ್ಷಮಿಸಿ ಎಂದೆ.

"ಸೋಮವಾರ ಬರ್ತೇನೆ ಸರ್," ಎಂದಳು. ನಾನು ಬೈಕ್ ಏರುವಷ್ಟರಲ್ಲಿ ಮತ್ತೆ, "ಒಂದು ಹೇಳ್ಲಾ? ನನ್ನ ಮೆಷಿನಿನಲ್ಲಿ ನೀವು ಎಂತ ಬದಲು ಮಾಡುವುದಿದ್ದರೂ ಮೊದಲು ನನಗೆ ಹೇಳಿ ಮಾಡಿ. ಬೇರೆ ಎಂತ ಬೇಡ," ಎಂದಳು.

ಈಗ ಕಾರ್ಕಳದಲ್ಲಿ ಇಡೀ ಪರದೆಯನ್ನು ಚಿತ್ರವಾಗಿ ಕಳಿಸುವ ವ್ಯವಸ್ಥೆಯೇ ಇದೆ. ನಾನು ಅಂದು ಕೇಳಿದ್ದ ಒಂದು ವಾರವೂ ಅದಕ್ಕೆ ಬೇಕಾಗಲಿಲ್ಲ. ತಿಂಗಳಿಗೊಮ್ಮೆ ಅಲ್ಲಿಗೆ ಹೋದಾಗ ಆಕೆಯ ಮೇಜಿನ ಬಳಿ ನಿಂತು, ಇಂಥ ಫೈಲಿನಲ್ಲಿ ಇಂಥ ಸಾಲು ಬದಲಾಯಿಸುತ್ತಿದ್ದೇನೆ, ಇದಕ್ಕಾಗಿ, ಎಂದು ಹೇಳುತ್ತೇನೆ. ಆಕೆ ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಳ್ಳುತ್ತಾಳೆ. "ಸರಿ ಸರ್, ಮಾಡಿ," ಎಂದು ಎದ್ದು ಕುರ್ಚಿ ಬಿಟ್ಟುಕೊಡುತ್ತಾಳೆ. ನಾನು ಮಾಡಿ ಮುಗಿಸುವವರೆಗೂ ಹಿಂದೆಯೇ ನಿಂತು ಪರದೆ ನೋಡುತ್ತಿರುತ್ತಾಳೆ.